ಇಂದ್ರಾಣಮ್ಮ ಎಸೆಯದ ಟ್ಯೂಬು

ಜಯನಗರದ ನನ್ನ ಲ್ಯಾಬಿಗೆ ನಾನು ಹೆಸರಿಗಷ್ಟೇ ಮಾಲೀಕ. ನಡೆಯುವುದು ಇಂದ್ರಾಣಮ್ಮನ ಮಾತು. ಇಪ್ಪತ್ತೆಂಟು ವರ್ಷ ರಕ್ತ ತೆಗೆದ ಕೈ ಅದು. ಸೂಜಿ ಚುಚ್ಚಿದ್ದು ಮಕ್ಕಳಿಗೂ ಗೊತ್ತಾಗುವುದಿಲ್ಲ. ಅವರದ್ದು ಒಂದೇ ಕಾಟ. ಯಾವ ಜ್ವರವೆಂದು ತಿಳಿಯದವರ ರಕ್ತ ಮಿಕ್ಕಿದರೆ ಎಸೆಯುವುದಿಲ್ಲ, ಹೆಸರು, ತಾರೀಕು ಬರೆದು ತಿಂಗಳುಗಟ್ಟಲೆ ಫ್ರೀಜರಿನಲ್ಲಿ ಇಡುತ್ತಾರೆ.

“ಇದೇನು ಲ್ಯಾಬೋ, ಉಗ್ರಾಣವೋ? ನಾಳೆ ಅಷ್ಟೂ ಖಾಲಿ ಆಗ್ಬೇಕು!” ಎಂದು ಫೆಬ್ರವರಿಯಲ್ಲಿ ರೇಗಿದೆ.

“ಆಯ್ತು ಸಾರ್,” ಎಂದರು.

ಅದರ ಹಿಂದಿನ ದಿನವಷ್ಟೇ ಪದ್ಮನಾಭನಗರದ ಸಿದ್ದರಾಜು ಬಂದಿದ್ದ. ಮೈ ಕಾದ ಕಾವಲಿ, ಪ್ಲೇಟ್‌ಲೆಟ್ ಇಳಿದಿತ್ತು, ಡೆಂಗಿ ಮಾತ್ರ ಇರಲಿಲ್ಲ. ನಮ್ಮ ಫಾರಂನಲ್ಲಿ ‘ವಿದೇಶ ಪ್ರಯಾಣ’ ಎಂದಿದ್ದ ಕಡೆ ಅವನ ಹೆಂಡತಿ ಶಾಲಿನಿ ‘ಇಲ್ಲ’ ಎಂದು ಬರೆದಳು. ಜ್ವರ ಬಿಟ್ಟಿತು, ನಾವೂ ಮರೆತೆವು.

ಹತ್ತು ದಿನದ ಮೇಲೆ ಶಾಲಿನಿ ಅಳುತ್ತಾ ಬಂದಳು. ಜ್ವರ ಮರುಕಳಿಸಿ ಗಂಡ ಆಸ್ಪತ್ರೆ ಸೇರಿದ್ದ. ಒಸಡಿನಲ್ಲಿ ರಕ್ತ, ಮಾತು ತೊದಲು. ಏನೆಂದು ಡಾಕ್ಟರಿಗೂ ತಿಳಿಯದೆ ಹಳೆಯ ರಿಪೋರ್ಟು ತರಲು ಕಳಿಸಿದ್ದರು.

ಇಂದ್ರಾಣಮ್ಮ ಅವಳನ್ನು ಕೂರಿಸಿ ನೀರು ಕೊಟ್ಟರು. “ಫಾರಿನ್ನು ಹಾಳಾಗ್ಲಿ. ಕಾಡ್ ಕಡೆ ಏನಾದ್ರೂ ಹೋಗಿದ್ರೇನಮ್ಮಾ?”

“ಹೂಂ ಆಂಟಿ, ಸಾಗರದ ಹತ್ರ ಕೇಬಲ್ ಎಳಿಯೋಕೆ. ಅಲ್ಲಿ ಕೋತಿಗಳು ಸತ್ತು ಬಿದ್ದಿದ್ವಂತೆ.”

ನಾನು ಫ್ರೀಜರಿನ ಕಡೆ ತಿರುಗಿದೆ. ಮಂಗನ ಕಾಯಿಲೆ! ಅದರ ವೈರಸ್ಸು ರಕ್ತದಲ್ಲಿ ಚೆನ್ನಾಗಿ ಸಿಗುವುದು ಮೊದಲ ಜ್ವರದ ದಿನಗಳಲ್ಲಿ. ಆ ರಕ್ತವನ್ನು ಎಸೆಯಿರಿ ಎಂದವನು ನಾನೇ.

“ಎಸ್ದಿಲ್ಲ ಸಾರ್, ಬೈಬೇಡಿ,” ಎಂದರು ಇಂದ್ರಾಣಮ್ಮ.

ಬೈಯುವುದೇ? ಕಾಲಿಗೆ ಬೀಳುವುದೊಂದು ಬಾಕಿ. ಟ್ಯೂಬನ್ನು ಮೂರು ಸುತ್ತು ಭದ್ರಮಾಡಿ, ಐಸಿನಲ್ಲಿಟ್ಟು ಸರ್ಕಾರಿ ವೈರಸ್ ಲ್ಯಾಬಿಗೆ ಕಳಿಸಿದೆವು. ಮಂಗನ ಕಾಯಿಲೆಯೇ ಎಂದು ಉತ್ತರ ಬಂತು. ಅದಕ್ಕೆಂದೇ ಮದ್ದಿಲ್ಲ ನಿಜ, ಆದರೆ ಯಾವುದರ ಮೇಲೆ ಕಣ್ಣಿಡಬೇಕೆಂದು ಡಾಕ್ಟರಿಗೆ ತಿಳಿಯಿತು. ಸಿದ್ದರಾಜು ಜೊತೆ ಕೇಬಲ್ ಕೆಲಸಕ್ಕೆ ಹೋಗಿದ್ದ ಗುರುಸಿದ್ದನಿಗೂ ಜ್ವರವಿತ್ತು, ಅವನನ್ನೂ ಬೇಗ ಆಸ್ಪತ್ರೆಗೆ ಸೇರಿಸಿದರು. ಮೂರು ವಾರಕ್ಕೆ ಸಿದ್ದರಾಜು ನಡೆದುಕೊಂಡೇ ಮನೆಗೆ ಹೋದ.

“ನಾನು ಅಷ್ಟು ಕೂಗಾಡಿದ್ರೂ ಯಾಕ್ ಇಟ್ಕೊಂಡ್ರಿ?” ಎಂದು ಕೇಳಿದೆ.

ಇಂದ್ರಾಣಮ್ಮ ಗ್ಲೌಸು ಬಿಚ್ಚುತ್ತಾ ಹೇಳಿದರು: “ನಾನು ಕೆಲ್ಸಕ್ಕೆ ಸೇರಿದ ವರ್ಷ ನನ್ ತಮ್ಮ ನರೇಂದ್ರ ಜ್ವರದಲ್ಲಿ ಹೋದ ಸಾರ್. ಯಾವ ಜ್ವರ ಅಂತ ಅಮ್ಮ ಸಾಯೋವರ್ಗೂ ಕೇಳ್ತಿದ್ರು. ಮೊದಲ್ನೇ ದಿನದ ರಕ್ತ ಇದ್ಯಾ ಅಂದಿದ್ರು ಡಾಕ್ಟ್ರು. ಆಗೆಲ್ಲಾ ಗಾಜಿನ ಟ್ಯೂಬು, ಮತ್ತೆ ಮತ್ತೆ ಬಳ್ಸೋದು. ರಕ್ತ ತೆಗ್ದ ದಿನ ಸಾಯಂಕಾಲನೇ ಅದನ್ನ ತೊಳ್ದು ಕವುಚಿ ಇಟ್ಟಿದ್ದೋಳು ನಾನೇ.”