ಕಾರಿಗೆ ಆರು ಕಪ್ಪಿನ ಸ್ನಾನ

ಆ ಬರಗಾಲದ ವರ್ಷ ನಮ್ಮ ಊರು ಡನ್ಸ್ ಕ್ರೀಕ್‌ನಲ್ಲಿ ಕಾರು ಎಷ್ಟು ಕೊಳಕಾಗಿದ್ದರೆ ಮನುಷ್ಯ ಅಷ್ಟು ಮರ್ಯಾದಸ್ಥ. ಊರ ಅಣೆಕಟ್ಟೆಯಲ್ಲಿ ನೀರಿಗಿಂತ ಕೆಸರು ಹೆಚ್ಚಿತ್ತು. ತೋಟಕ್ಕೆ ಪೈಪು ಹಿಡಿಯುವಂತಿಲ್ಲ, ಕಾರಿನ ಗಾಜು, ಕನ್ನಡಿ, ದೀಪ ಬಿಟ್ಟು ಬೇರೆಲ್ಲೂ ಬಕೆಟ್ ನೀರು ಮುಟ್ಟಿಸುವಂತಿಲ್ಲ ಎಂದು ನೀರಿನ ಕಚೇರಿಯವರು ಮನೆಮನೆಗೆ ಚೀಟಿ ಹಂಚಿದ್ದರು. ನಾವೂ ಹಟಕ್ಕೆ ಬಿದ್ದೆವು. ನನ್ನ ಬಿಳಿ ಕಾರು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದಾಗ ಅದನ್ನು ಬೌಲ್ಸ್ ಕ್ಲಬ್ಬಿನ ಬಾಗಿಲ ಎದುರಿಗೇ, ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸತೊಡಗಿದೆ. ಡಿಕ್ಕಿಯ ಧೂಳಿನ ಮೇಲೆ ಯಾರೋ ಬೆರಳಿನಿಂದ 'ಇಲ್ಲಿ ಆಲೂಗಡ್ಡೆ ಬಿತ್ತಬಹುದು' ಎಂದು ಬರೆದಿದ್ದರು. ನಾನು ಅದನ್ನು ಒರೆಸಲಿಲ್ಲ.

ಇಂಥ ಊರಿನಲ್ಲಿ ಆಲ್ವಿನ್ ಟ್ರೆಂಬಾತ್‌ನ ನೀಲಿ ಕಾರು ಮಾತ್ರ ಫಳಫಳ ಹೊಳೆಯುತ್ತಿತ್ತು.

ಆಲ್ವಿನ್ ನನ್ನ ಪಕ್ಕದ ಮನೆಯವನು, ಎಪ್ಪತ್ತನಾಲ್ಕು ವರ್ಷದವನು. ರೈಲ್ವೆಯಲ್ಲಿ ನಲವತ್ತೊಂದು ವರ್ಷ ಬೋಗಿ ಒರೆಸಿದ ಜೀವ. ಯಾರ ಮನೆಗೆ ಹೋಗಿ ಕೂತರೂ ಮಾತಾಡುತ್ತಲೇ ಅವರ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ಆ ಮನೆಯ ಹೆಂಗಸರು ಅದನ್ನು ಅವಮಾನವೆಂದು ತಿಳಿಯುತ್ತಿದ್ದರು. ಅವನ ಹೆಂಡತಿ ಐಲ್ಸಾ ಹೇಳುತ್ತಿದ್ದಳು, "ನಾನು ಸತ್ರೆ ಈ ಮನುಷ್ಯ ಮೊದಲು ಮಂಚ ಒರೆಸ್ತಾನೆ, ಆಮೇಲೆ ಅಳ್ತಾನೆ." ನಾಲ್ಕು ವರ್ಷದ ಹಿಂದೆ ಆಕೆ ತೀರಿಕೊಂಡಾಗ ಅವನು ಅತ್ತಿದ್ದನ್ನು ನಾನು ನೋಡಲಿಲ್ಲ. ಒಂದು ತಿಂಗಳು ಅವನ ಮನೆಯ ಕಿಟಕಿಗಳು ಮಾತ್ರ ಕಣ್ಣು ಕೋರೈಸುವಷ್ಟು ಹೊಳೆದವು.

ನಿವೃತ್ತನಾದ ಮೇಲೆ ಅವನು ಕ್ಲಬ್ಬಿನ ಹುಲ್ಲುಹಾಸನ್ನು ಬಿಟ್ಟಿಯಾಗಿ ನೋಡಿಕೊಂಡ, ಹತ್ತೊಂಬತ್ತು ವರ್ಷ. ವಯಸ್ಸಾದ ನಾವೆಲ್ಲ ಬಿಳಿ ಬಟ್ಟೆ ತೊಟ್ಟು ಕಪ್ಪು ಚೆಂಡುಗಳನ್ನು ಪುಟ್ಟ ಬಿಳಿ ಚೆಂಡಿನತ್ತ ಉರುಳಿಸಿ ಜಗಳವಾಡುವುದು ಆ ಹುಲ್ಲಿನ ಮೇಲೆಯೇ. ಬರ ಬಂದು ಹುಲ್ಲಿಗೂ ನೀರು ನಿಲ್ಲಿಸಬೇಕೆಂದಾಗ, ಆಲ್ವಿನ್ ತಾನೇ ನಲ್ಲಿ ಮುಚ್ಚಿ, ಬೀಗ ಜಡಿದು, ಕಾರ್ಯದರ್ಶಿಯಾದ ನನ್ನ ಕೈಗೆ ಕೀಲಿ ಇಟ್ಟ.

"ಡಂಕನ್, ಇದು ನಿನ್ನ ಹತ್ರಾನೇ ಇರ್ಲಿ ಮಾರಾಯ. ನನ್ನ ಹತ್ರ ಇದ್ರೆ ಒಂದಿನ ಕೈ ತಡೆಯಲ್ಲ."

ಮೂರು ವಾರದಲ್ಲಿ ಹುಲ್ಲು ಗೋಣಿತಾಟಿನಂತಾಯಿತು. ಅವನು ದಿನಾ ಬಂದು ಅದರ ಪಕ್ಕದ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಹೋಗುತ್ತಿದ್ದ. ಆಜೀವ ಸದಸ್ಯತ್ವಕ್ಕೆ ಅವನ ಹೆಸರನ್ನು ಸೂಚಿಸಿದವನು ನಾನೇ. ಮಾರ್ಚ್ ತಿಂಗಳ ಸಭೆಯಲ್ಲಿ ಮತ ಹಾಕುವುದು, ಗೆದ್ದರೆ ಬಾರಿನ ಪಕ್ಕದ ಮರದ ಹಲಗೆಯಲ್ಲಿ ಚಿನ್ನದ ಬಣ್ಣದ ಅಕ್ಷರದಲ್ಲಿ ಹೆಸರು ಬರೆಸುವುದು. "ಅದೆಲ್ಲ ಯಾಕೋ" ಎಂದ ಅವನು. ಆದರೆ ಆ ಸಂಜೆ ಹಲಗೆಯ ಕೊನೆಯ ಹೆಸರಿನ ಕೆಳಗೆ ಎಷ್ಟು ಜಾಗ ಉಳಿದಿದೆಯೆಂದು ಕಣ್ಣಲ್ಲೇ ಅಳೆಯುತ್ತಿದ್ದುದನ್ನು ನಾನು ಕಂಡೆ. ಹಾಗೆಯೇ ಧೂಳನ್ನೂ ಒರೆಸಿದ.

ಸಭೆಗೆ ಐದು ದಿನ ಇರುವಾಗ ನನ್ನ ನಿಂಬೆಗಿಡ ಸತ್ತಿತು. ಇಪ್ಪತ್ತಾರು ವರ್ಷದ ಗಿಡ. ಸ್ನಾನದ ನೀರು, ತರಕಾರಿ ತೊಳೆದ ನೀರು ಎಲ್ಲ ಹೊತ್ತು ಹಾಕಿದ್ದೆ, ಬದುಕಲಿಲ್ಲ. ಆ ಸೋಮವಾರ ಬೆಳಿಗ್ಗೆ ಅಡುಗೆಮನೆ ಕಿಟಕಿಯ ಬಳಿ ನಿಂತೆ. ಅಲ್ಲಿಂದ ಆಲ್ವಿನ್‌ನ ಕಾರು ನಿಲ್ಲುವ ಜಾಗ ನೇರ ಕಾಣುತ್ತದೆ. ಊರಲ್ಲಿ ಇನ್ನಾವ ಕಿಟಕಿಯಿಂದಲೂ ಕಾಣುವುದಿಲ್ಲ. ಕಾರು ಆಗತಾನೆ ಅಂಗಡಿಯಿಂದ ಬಂದಂತಿತ್ತು. ಹಿಂದಿನ ಹಗ್ಗದ ಮೇಲೆ ಕಾರು ಒರೆಸಿದ ಹದಿನಾರು ಒದ್ದೆ ಬಟ್ಟೆಗಳು ಸಾಲಾಗಿ ನೇತಾಡುತ್ತಿದ್ದವು.

ನನ್ನ ಗಿಡ ಬಾಯಾರಿ ಸತ್ತಿದೆ, ಇವನ ಕಾರಿಗೆ ಅಭ್ಯಂಜನ ಬೇರೆ ಎಂದು ಮೈಯೆಲ್ಲ ಉರಿಯಿತು. ಮನೆಗೆ ಬಂದಿದ್ದ ಚೀಟಿಯಲ್ಲಿ, ನೀರು ಕದಿಯುವವರ ಮೇಲೆ ದೂರು ಕೊಡಲೆಂದು ಒಂದು ನಂಬರ್ ಇತ್ತು. ಫೋನ್ ಮಾಡಿಯೇ ಬಿಟ್ಟೆ. "ನಿಮ್ಮ ಹೆಸರು ಬೇಕಾಗಿಲ್ಲ" ಎಂದರು. ಅವನ ಹೆಸರು, ಮನೆ ನಂಬರ್, ಬಟ್ಟೆಗಳ ಲೆಕ್ಕ ಎಲ್ಲ ಒಪ್ಪಿಸಿದೆ. ಫೋನ್ ಇಟ್ಟ ಮೇಲೆ ಸುಮಾರು ಐದು ನಿಮಿಷ ಬಹಳ ಹಾಯೆನಿಸಿತು.

ಆಮೇಲೆ ಹತ್ತು ಗಂಟೆಗೆ ಎಂದಿನಂತೆ ಅವನ ಮನೆಗೇ ಟೀ ಕುಡಿಯಲು ಹೋದೆ. ನಾಚಿಕೆ ಎಂಬುದು ನನಗೆ ತಡವಾಗಿ ಬರುತ್ತದೆ. ಅವನ ಟೀಗೆ ಕೆಲವು ತಿಂಗಳಿಂದ ಸಣ್ಣಗೆ ನೀಲಗಿರಿ ಎಣ್ಣೆಯ ವಾಸನೆ ಇರುತ್ತಿತ್ತು. ಹಿಂದೊಮ್ಮೆ ಕೇಳಿದ್ದಕ್ಕೆ "ಗಂಟಲಿಗೆ ಒಳ್ಳೇದು, ಕುಡಿ" ಎಂದಿದ್ದ.

ಬುಧವಾರ ನೀರಿನ ಕಚೇರಿಯ ವ್ಯಾನು ಅವನ ಮನೆಯ ಮುಂದೆ ನಿಂತಿತು. ಕೈಯಲ್ಲಿ ನಿಯಮದ ಪುಸ್ತಕ ಹಿಡಿದ ಒಬ್ಬ ಹುಡುಗಿ ಇಳಿದಳು. ನಾನು ಪರದೆಯ ಹಿಂದೆ ಸರಿಯುವಷ್ಟರಲ್ಲಿ ಆಲ್ವಿನ್ ಕೂಗಿದ, "ಡಂಕನ್, ಬಾ ಇಲ್ಲಿ. ನೀನು ಸಾಕ್ಷಿ ಇರು."

ಹೋಗದೆ ವಿಧಿಯಿರಲಿಲ್ಲ.

"ನಿಮ್ಮ ಕಾರು ತುಂಬಾ ಕ್ಲೀನಾಗಿದೆ ಅಂತ ದೂರು ಬಂದಿದೆ" ಎಂದಳು ಹುಡುಗಿ ಚೀಟಿ ನೋಡುತ್ತಾ, ತನಗೇ ಮುಜುಗರವಾದವಳಂತೆ. "ಹಗ್ಗದ ಮೇಲೆ ಹದಿನಾರು ಒದ್ದೆ ಬಟ್ಟೆ ಇತ್ತು ಅಂತಾನೂ ಇದೆ. ಬಕೆಟ್ ಉಪಯೋಗಿಸ್ತೀರಾ?"

"ಇಲ್ಲಮ್ಮ."

"ಪೈಪು?"

"ಹಾವಿನ ಥರ ಸುತ್ತಿ ಅಟ್ಟಕ್ಕೆ ಹಾಕಿದೀನಿ, ಜೇಡರ ಬಲೆ ಕಟ್ಟಿದೆ. ನೋಡ್ತೀಯಾ?"

"ಮತ್ತೆ ಹೇಗೆ ತೊಳೀತೀರಿ?"

ಆಲ್ವಿನ್ ಒಳಗೆ ಹೋಗಿ, ಎರಡೂ ಕೈಯಲ್ಲಿ ಏನನ್ನೋ ಹಿಡಿದುಕೊಂಡು ಹೊರಗೆ ಬಂದ. ಐಲ್ಸಾಳ ಕಂದು ಬಣ್ಣದ ಟೀ ಪಾಟ್. ಟೀ ಆರದಿರಲೆಂದು ಆಕೆ ಹೆಣೆದ ಉಣ್ಣೆಯ ಟೋಪಿ ಅದರ ತಲೆಯ ಮೇಲೆ ಹಾಗೆಯೇ ಇತ್ತು.

"ಆರು ಕಪ್ ಹಿಡಿಯುತ್ತೆ. ಒಂದು ಕಾರಿಗೆ ಒಂದು ಪಾಟ್, ಅಷ್ಟೇ."

ಆಮೇಲೆ ಜಾಮಿನ ಬಾಟಲಿಯೊಂದನ್ನು ತೋರಿಸಿದ. ಸೋಪಿನ ಚೂರು, ನೀಲಗಿರಿ ಎಣ್ಣೆ ಬೆರೆಸಿದ ಗಂಜಿಯಂಥ ದ್ರಾವಣ. ಉಣ್ಣೆ ಬಟ್ಟೆ ಒಗೆಯಲು ನಮ್ಮೂರ ಹೆಂಗಸರೆಲ್ಲ ಮಾಡಿಡುವುದು ಇದನ್ನೇ. ಇದರಲ್ಲಿ ಅದ್ದಿದ ಸ್ವೆಟರನ್ನು ಮತ್ತೆ ನೀರಲ್ಲಿ ಜಾಲಾಡುವುದಿಲ್ಲ, ಹಿಂಡಿ ಒಣಗಿಸಿದರೆ ಮುಗಿಯಿತು. ಐಲ್ಸಾ ಐವತ್ತು ವರ್ಷ ಹಾಗೆ ಒಗೆದಿದ್ದಳು, ಇವನು ಐವತ್ತು ವರ್ಷ ಅದನ್ನು ನೋಡಿದ್ದ. ಉಣ್ಣೆಗೆ ಬೇಡವಾದ ನೀರು ತಗಡಿಗೆ ಯಾಕೆ ಬೇಕು ಎಂದು ಅವನಿಗೆ ಹೊಳೆದದ್ದು ಈ ಬರದಲ್ಲಿ.

ಪಾಟಿನ ಬೆಚ್ಚನೆ ನೀರಿಗೆ ಅರ್ಧ ಚಮಚ ದ್ರಾವಣ ಹಾಕಿ, ಮೆತ್ತನೆ ಹತ್ತಿ ಬಟ್ಟೆಯನ್ನು ಎಂಟು ಮಡಿಕೆ ಮಾಡಿ, ಅದರ ಮೇಲೆ ಟೀ ಬಗ್ಗಿಸುವಂತೆ ಸಣ್ಣಗೆ ಸುರಿದ. ಆ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಹಾಸಿ ಸುಮ್ಮನೆ ನಿಂತ.

"ಈಗ ಏನು ಮಾಡ್ತಿದೀರಿ?" ಹುಡುಗಿ ಕೇಳಿದಳು.

"ಕಾಯ್ತಿದೀನಿ. ಧೂಳು ಮೊದಲು ನೆನೀಬೇಕು. ಅವಸರ ಮಾಡಿ ಉಜ್ಜಿದ್ರೆ ಗೀರು ಬೀಳುತ್ತೆ, ಜನ್ಮದಲ್ಲಿ ಹೋಗಲ್ಲ."

ಆಮೇಲೆ ಒಂದೇ ದಿಕ್ಕಿಗೆ, ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ ಎಳೆದ. ಕೊಳೆಯಾದ ಮಡಿಕೆಯನ್ನು ತಿರುಗಿಸಿ ಹೊಸ ಮಡಿಕೆ ಹಿಡಿದ. ಒಮ್ಮೆ ಮುಟ್ಟಿದ ಮಡಿಕೆ ಮತ್ತೆ ಕಾರಿಗೆ ತಾಗಲಿಲ್ಲ. ಹಿಂದೆಯೇ ಒಣ ಬಟ್ಟೆ ಬಂತು. ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಹುಡುಗಿ ಪುಸ್ತಕ ತಿರುವಿದಳು, ಮತ್ತೆ ತಿರುವಿದಳು, ಕೊನೆಗೆ ಕಚೇರಿಗೆ ಫೋನ್ ಮಾಡಿದಳು. "ಬಕೆಟ್ ಅಲ್ಲ, ಟೀ ಪಾಟ್. ಹೌದು, ಟೀ ಮಾಡೋದೇ. ಕಂದು ಬಣ್ಣದ್ದು. ಟೋಪಿ ಹಾಕಿದೆ. ಇಲ್ಲ, ನನಗೆ ಬಿಸಿಲು ಹೊಡೆದಿಲ್ಲ." ಪುಸ್ತಕದಲ್ಲಿ ಟೀ ಪಾಟಿನ ವಿಷಯ ಎಲ್ಲೂ ಇರಲಿಲ್ಲ. ತಪ್ಪಿಲ್ಲವೆಂದು ಬರೆದುಕೊಟ್ಟು, ಅಮ್ಮನ ಕಾರಿಗೆಂದು ದ್ರಾವಣದ ಅಳತೆಯನ್ನೂ ಬರೆದುಕೊಂಡು ಹೋದಳು.

ಇಷ್ಟು ತಿಂಗಳು ನಾನು ಟೀ ಕುಡಿದದ್ದೂ ಇದೇ ಪಾಟಿನಿಂದ. ಆದರೆ ಆ ಬಗ್ಗೆ ದೂರುವ ಬಾಯಿ ನನಗೆಲ್ಲಿತ್ತು?

ಅಲ್ಲಿಗೆ ಮುಗಿಯಿತೆಂದುಕೊಂಡೆ. ಗುರುವಾರ ಕ್ಲಬ್ಬಿಗೆ ಹೋದರೆ, ವ್ಯಾನು ಬಂದ ಸುದ್ದಿ ನಮಗಿಂತ ಮುಂಚೆ ಹೋಗಿ ಕೂತಿತ್ತು. ನಮ್ಮ ಖಜಾಂಚಿ ನೋಲೀನ್ ಬಾರಿನಲ್ಲಿ ಎಲ್ಲರಿಗೂ ಕೇಳುವಂತೆ ಮಾತಾಡಿದಳು.

"ಹುಲ್ಲು ಒಣಗಿ ಸಾಯ್ತು, ಕಾರು ಮಾತ್ರ ಮದುಮಗನ ಥರ ಇದೆ. ಕ್ಲಬ್ಬಿನ ನೀರು ಎಲ್ಲಿ ಹೋಯ್ತು ಅಂತ ನಾನೇನೂ ಕೇಳ್ತಿಲ್ಲಪ್ಪ."

"ತಪ್ಪಿಲ್ಲ ಅಂತ ಬರೆದುಕೊಟ್ಟಿದಾರೆ ನೋಲೀನ್" ಎಂದ ಆಲ್ವಿನ್, ಜೇಬಿಗೆ ಕೈ ಹಾಕುತ್ತಾ.

"ಟೀ ಪಾಟಲ್ಲಿ ಕಾರು ತೊಳೆದೆ ಅಂತ ತಾನೇ? ನಾನೂ ಚಮಚದಲ್ಲಿ ಸ್ನಾನ ಮಾಡ್ತೀನಿ ಬಿಡು."

ಎಲ್ಲರೂ ನಕ್ಕರು. ಆಲ್ವಿನ್ ಚೀಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಮನೆಗೆ ಮರಳುವ ದಾರಿಯಲ್ಲಿ ನನಗೆ ಹೇಳಿದ, "ನನ್ನ ಹೆಸರು ವಾಪಸ್ ತಗೊಂಡ್ಬಿಡು. ಹಲಗೆ ಮೇಲೆ ಹೆಸರು ಬಂದು, ಅದನ್ನ ನೋಡಿದೋರೆಲ್ಲ ನೀರು ಕಳ್ಳ ಅಂತ ಓದೋದಾದ್ರೆ ನನಗೆ ಬೇಡ."

ಆಗ ಬಂತು ನೋಡಿ ನನ್ನ ನಾಚಿಕೆ, ಬಡ್ಡಿ ಸಮೇತ. ನಲ್ಲಿಯ ಕೀಲಿ ಆ ಗಳಿಗೆಯಲ್ಲೂ ನನ್ನ ಜೇಬಿನಲ್ಲೇ ಇತ್ತು. ತನ್ನ ಕೈಯನ್ನೇ ನಂಬದೆ ಕೀಲಿ ಕೊಟ್ಟವನನ್ನು ಒಂದು ಸತ್ತ ನಿಂಬೆಗಿಡಕ್ಕಾಗಿ ನಾನು ಕಳ್ಳನೆಂದೆ. ಎರಡು ದಿನ ಊಟ ಸೇರಲಿಲ್ಲ. ಹೆಸರನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಶನಿವಾರದ ಸಭೆಯಲ್ಲಿ ಅವನ ಹೆಸರು ಓದಿದಾಗ ಯಾರೂ ಮಿಸುಕಲಿಲ್ಲ. ಆಲ್ವಿನ್ ತಲೆ ತಗ್ಗಿಸಿ, ಮುಂದಿನ ಕುರ್ಚಿಯ ಬೆನ್ನನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ನಾನು ಎದ್ದು ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟೆ.

"ನಲ್ಲಿ ಬೀಗದ ಕೀಲಿ ಇದೊಂದೇ. ಬೀಗ ಹಾಕಿದ ದಿನದಿಂದ ನನ್ನ ಹತ್ರಾನೇ ಇದೆ. ಕ್ಲಬ್ಬಿನ ನೀರು ಕದ್ದಿದ್ರೆ ನಾನೇ ಕದ್ದಿರ್ಬೇಕು" ಎಂದೆ. "ಇನ್ನೊಂದು ವಿಷಯ. ಇವನ ಮೇಲೆ ದೂರು ಕೊಟ್ಟವನು ನಾನು. ಹೊಟ್ಟೆಕಿಚ್ಚಿಗೆ ಕೊಟ್ಟೆ. ಇವನು ಟೀ ಪಾಟಲ್ಲಿ ಕಾರು ತೊಳೆದದ್ದನ್ನ ಈ ಕಣ್ಣಾರೆ ನೋಡ್ದೆ, ಆದ್ರೂ ಮೂರು ದಿನ ಬಾಯಿ ಮುಚ್ಕೊಂಡು ಕೂತಿದ್ದೆ. ಉಗಿಯೋದಿದ್ರೆ ನನಗೆ ಉಗೀರಿ, ಅವನಿಗೆ ಮತ ಹಾಕಿ."

ನೋಲೀನ್ ನನ್ನನ್ನು ದಿಟ್ಟಿಸಿ ನೋಡಿದಳು. "ಮೊದಲನೇದನ್ನ ಆಮೇಲೆ ಮಾಡ್ತೀವಿ" ಎಂದು ಎಲ್ಲರಿಗಿಂತ ಮುಂಚೆ ಕೈ ಎತ್ತಿದಳು. ಕೈ ಎತ್ತದೆ ಉಳಿದವನು ಆಲ್ವಿನ್ ಒಬ್ಬನೇ.

ಅವನು ನನ್ನತ್ತ ತಿರುಗಿಯೂ ನೋಡದೆ ಮನೆಗೆ ಹೋದ. ಭಾನುವಾರ ಬೆಳಿಗ್ಗೆ ನನ್ನ ಕಿಟಕಿಯ ಪರದೆಯನ್ನು ನಾನು ಸರಿಸಲಿಲ್ಲ. ಸರಿಯಾಗಿ ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು.

"ಟೀ ಆರ್ತಾ ಇದೆ" ಎಂದ ಆಲ್ವಿನ್.

ಅವನ ಅಡುಗೆಮನೆಯಲ್ಲಿ ಕೂತೆ. ಮೇಜಿನ ನಡುವೆ ಅದೇ ಟೀ ಪಾಟ್, ತಲೆಯ ಮೇಲೆ ಅದೇ ಟೋಪಿ. ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

"ಆ ಹುಡುಗಿ ಹದಿನಾರು ಬಟ್ಟೆ ಅಂತ ಚೀಟಿ ನೋಡಿ ಓದಿದಾಗಲೇ ಗೊತ್ತಾಯ್ತು. ನನ್ನ ಹಗ್ಗ ಕಾಣೋ ಕಿಟಕಿ ಊರಲ್ಲಿ ಎಷ್ಟಿದೆ ಹೇಳು?"

"ಮತ್ತೆ ಯಾಕೋ ಸುಮ್ನಿದ್ದೆ?"

"ನೆನೀಲಿ ಅಂತ ಕಾಯ್ತಿದ್ದೆ" ಎಂದ. "ನಾನು ಉಜ್ಜಿದ್ರೆ ಗೀರು ಬೀಳ್ತಿತ್ತು."

ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಅವನು ನನ್ನ ಕಪ್ಪಿಗೆ ಟೀ ಬಗ್ಗಿಸಿದ. ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಗಪ್ಪೆಂದು ಹೊಡೆಯಿತು. ಟೀಯ ಮೇಲೆ ಒಂದು ಪುಟ್ಟ ಗುಳ್ಳೆ ಕಾಮನಬಿಲ್ಲಿನ ಬಣ್ಣದಲ್ಲಿ ತೇಲುತ್ತಿತ್ತು.

"ಇಷ್ಟು ದಿನ ನಿನಗೋಸ್ಕರ ಪಾಟನ್ನ ಮೂರು ಸಲ ಜಾಲಾಡ್ತಿದ್ದೆ" ಎಂದ ಆಲ್ವಿನ್, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ. "ಇವತ್ತು ನೀರು ಉಳಿಸಿದೀನಿ. ಬರ ನೋಡು."

ನಾನು ಕಪ್ಪಿನ ತಳ ಕಾಣುವವರೆಗೂ ಕುಡಿದೆ. ಅವನು ಮತ್ತೆ ಪಾಟ್ ಎತ್ತಿದ. ನಾನು ಕಪ್ಪು ಮುಂದೆ ಚಾಚಿದೆ.