ಹಿಂದಿನ ಗಾಜಿನಿಂದ ನೋಡಿದ ಹೊಗೆ

ಆ ಕಾರಿನ ಮೀಟರು ಎರಡು ಸಲ ಪೂರಾ ತಿರುಗಿ ಸೊನ್ನೆಗೆ ಬಂದಿದೆ ಎಂದು ಮಾರಿದವರೇ ಹೇಳಿದ್ದರು. ಆದರೂ ಕೊಂಡೆವು. ನಾವು ಗಂಡ ಹೆಂಡತಿ ಇಬ್ಬರೂ ಸುರಪುರದ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಮನೆ ಮಾತ್ರ ಯಾದಗಿರಿಯಲ್ಲಿ. ಆ ಮನೆ ನಾನೇ ಮುಂದೆ ನಿಂತು ಕಟ್ಟಿಸಿದ್ದು. ಅದನ್ನು ಬಿಟ್ಟು ಬಾಡಿಗೆ ಮನೆಗೆ ಹೋಗುವ ಮಾತನ್ನು ಯಾರೂ ನನ್ನ ಮುಂದೆ ಎತ್ತುವಂತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಭೀಮಾ ಸೇತುವೆ ದಾಟಿ, ದೋರನಹಳ್ಳಿ, ಶಹಾಪುರ, ಸುರಪುರ. ಸಂಜೆ ಮತ್ತೆ ಅದೇ ದಾರಿ. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದ ವರ್ಷಗಳು ಅವು. ಟ್ರ್ಯಾಕ್ಟರುಗಳು ರಸ್ತೆಗೆ ತಂದು ಹಾಕಿದ ಕೆಸರು ಒಣಗಿ, ನಮ್ಮ ಬೆನ್ನುಮೂಳೆಗೆ ಪ್ರತಿ ಹೆಂಟೆಯ ಲೆಕ್ಕ ಸಿಗುತ್ತಿತ್ತು.

ಆರನೇ ವರ್ಷಕ್ಕೆ ಕಾರು ಎಂಜಿನ್ ಆಯಿಲ್ ಕುಡಿಯತೊಡಗಿತು. ನೆಲದ ಮೇಲೆ ಒಂದು ಹನಿ ಸೋರುತ್ತಿರಲಿಲ್ಲ, ಆದರೂ ವಾರ ಕಳೆಯುವಷ್ಟರಲ್ಲಿ ಅಳತೆ ಕಡ್ಡಿ ಒಣಗಿರುತ್ತಿತ್ತು. ಹಿಂದೆ ಬರುವ ಬೈಕಿನವರು ನಮ್ಮ ಹೊಗೆಗೆ ಮುಖ ಮುಚ್ಚಿಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದರು. ಯಾದಗಿರಿಯ ಮಿಸ್ತ್ರಿ ಬಾನೆಟ್ ಎತ್ತಿದವನೇ ಕೆಳಗಿಳಿಸಿದ. "ಎಂಜಿನ್ ಸತ್ತದ್ರಿ ಮಾಸ್ತರ. ಪೂರಾ ಬಿಚ್ಚಬೇಕು, ಇಲ್ಲಾ ಗುಜರಿಗೆ ಹಾಕ್ರಿ" ಎಂದ. ನನ್ನ ಗಂಡ ತಲೆಯಾಡಿಸಿ ಬಂದುಬಿಟ್ಟರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗ ನನಗೆ ಅದು ವಿಚಿತ್ರ ಅನಿಸಿತ್ತು.

ನಾನೇ ಹಟ ಹಿಡಿದು ಶಹಾಪುರದ ಇನ್ನೊಬ್ಬ ಮಿಸ್ತ್ರಿಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿದೆ. ವಯಸ್ಸಾದ ಮನುಷ್ಯ, ಕಿವಿ ಸ್ವಲ್ಪ ಮಂದ. ಬಾನೆಟ್ಟಿಗೆ ಕೈಯನ್ನೇ ಹಚ್ಚಲಿಲ್ಲ.

"ಹೊಗಿ ಯಾವ ಬಣ್ಣ?"

"ನೀಲಿ ಇರಬೇಕ್ರಿ," ಎಂದರು ಇವರು.

"ಇರಬೇಕು ಅಂದ್ರ ಹ್ಯಾಂಗ? ಕರೀ ಹೊಗಿ ಅಂದ್ರ ಪೆಟ್ರೋಲ್ ಜಾಸ್ತಿ ಆಗ್ಯದ, ಬಿಳಿ ಅಂದ್ರ ಒಳಗ ನೀರು ಹೊಂಟದ, ನೀಲಿ ಅಂದ್ರ ಆಯಿಲ್. ಮತ್ತ ಯಾವಾಗ ಬರ್ತದ? ದಿಬ್ಬ ಏರುವಾಗೋ, ಇಳಿಯುವಾಗೋ, ಬೆಳಿಗ್ಗಿ ಚಾಲೂ ಮಾಡಿದಾಗೋ?"

ಇವರಿಗೆ ಗೊತ್ತಿರಲಿಲ್ಲ. ಗಾಡಿ ಹೊಡೆಯುವವನಿಗೆ ತನ್ನ ಹೊಗೆ ಎಲ್ಲಿ ಕಾಣಬೇಕು? ಮಿಸ್ತ್ರಿ ನನ್ನ ಕಡೆ ತಿರುಗಿದ. "ಅಕ್ಕೋರ, ಒಂದು ವಾರ ನೀವು ಹಿಂದಿನ ಸೀಟಿನ್ಯಾಗ ಹಿಂದಕ್ಕ ಮಾರಿ ಮಾಡಿ ಕೂಡ್ರಿ. ನೋಡಿದ್ದು ಬರಕೊಳ್ರಿ. ಆಮ್ಯಾಲೆ ನಾ ಗಾಡಿ ಮುಟ್ಟತೀನಿ."

ಹೀಗೆ ನಾನು ಒಂದು ವಾರ ಸೀಟಿನ ಮೇಲೆ ಮಂಡಿಯೂರಿ, ಕಾರಿನ ಹಿಂದಿನ ಗಾಜಿಗೆ ಹಣೆ ತಾಗಿಸಿಕೊಂಡು ಸುರಪುರಕ್ಕೆ ಹೋಗಿ ಬಂದೆ. ಮೊದಲ ದಿನವೇ ದೋರನಹಳ್ಳಿಯಲ್ಲಿ ಇಳಿದು ವಾಂತಿ ಮಾಡಿಕೊಂಡೆ. ಎರಡನೇ ದಿನ ಮಂಡಿ ಬಾತವು. ಆದರೂ ಬರೆದೆ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಒಂದು ದೊಡ್ಡ ನೀಲಿ ಮೋಡ, ಎರಡು ನಿಮಿಷದಲ್ಲಿ ಮಾಯ. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ದಿಬ್ಬ ಏರುವಾಗಲೂ ಇಲ್ಲ ಅಂದರೆ ಇಲ್ಲ. ಟ್ರ್ಯಾಕ್ಟರು ಅಡ್ಡ ನಿಂತು ನಾವು ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ಕಾದು ಮತ್ತೆ ಹೊರಟಾಗ, ಭುಸ್ಸೆಂದು ಬರುತ್ತಿತ್ತು.

ಐದನೆಯ ದಿನ ಸಂಜೆ ಶಹಾಪುರದ ಗುಡ್ಡದ ಹತ್ತಿರದ ಇಳಿಜಾರಿನಲ್ಲಿದ್ದೆವು. ಇವರು ಮುಂದಕ್ಕೆ, ನಾನು ಹಿಂದಕ್ಕೆ ಮುಖ ಮಾಡಿ ಬೆನ್ನಿಗೆ ಬೆನ್ನು. ಇವರು ಇದ್ದಕ್ಕಿದ್ದಂತೆ ಮಾತು ತೆಗೆದರು.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ."

"ಹೇಳ್ರಿ."

"ಎಂಜಿನ್ ಸತ್ತದ ಅಂತ ಆ ಯಾದಗಿರಿ ಮಿಸ್ತ್ರಿ ಅಂದಾಗ ನನಗ ಖುಷಿ ಆಗಿತ್ತು."

ನಾನು ತಿರುಗಲಿಲ್ಲ. "ಯಾಕ?"

"ಗಾಡಿ ಇಲ್ಲಂದ್ರ ನೀನಾಗೇ ಈ ಕಡೆ ಮನಿ ಮಾಡೂಣು ಅಂತಿದ್ದಿ. ನಾ ಹೇಳಿದ್ರ ನಿನ್ನ ಮನಿ ಬಿಡಿಸಿದಂಗ ಆಗ್ತಿತ್ತು." ಗೇರ್ ಇಳಿಸುತ್ತ ಮತ್ತೆ ಹೇಳಿದರು: "ದಣದೀನಿ ನಾ. ಸ್ಟೇರಿಂಗ್ ಹಿಡದು ಕೂತಲ್ಲೇ ಕಣ್ಣು ಮುಚ್ಚತಾವ. ಮೊನ್ನೆ ಭೀಮಾ ಸೇತುವಿ ಮ್ಯಾಲೆ ಗಾಡಿ ಎಡಕ್ಕ ಹೋತಲ್ಲ, ಎಮ್ಮಿ ಅಡ್ಡ ಬಂದದ್ದಲ್ಲ ಅದು."

ಆ ದಿನ ನಾನು ಎಮ್ಮೆಗೆ ಬೈದಿದ್ದೆ. ಎಮ್ಮೆಯನ್ನು ನಾನು ಕಂಡಿರಲೇ ಇಲ್ಲ, ಇವರು ಹೇಳಿದ್ದನ್ನು ನಂಬಿದ್ದೆ ಅಷ್ಟೇ.

ಅಷ್ಟರಲ್ಲಿ ಇಳಿಜಾರು ಮುಗಿದು ಇವರು ಎಕ್ಸಿಲೇಟರ್ ಒತ್ತಿದರು. ಹಿಂದೆ ನೀಲಿ ಹೊಗೆ ರಸ್ತೆ ತುಂಬ ಹರಡಿತು. ಅದನ್ನು ಬರೆದುಕೊಂಡೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ರವಿವಾರ ಮಿಸ್ತ್ರಿ ನಾನು ಬರೆದದ್ದನ್ನೆಲ್ಲ ನನ್ನಿಂದ ಓದಿಸಿ ಕೇಳಿಸಿಕೊಂಡ. "ಇದು ಪಿಸ್ಟನ್ ರಿಂಗಿನ ಹೊಗಿ ಅಲ್ಲ. ರಿಂಗ್ ಹೋಗಿದ್ರ ದಿಬ್ಬ ಏರುವಾಗ ಬರಬೇಕಿತ್ತು. ಇದು ವಾಲ್ವ್ ಸೀಲಿನ ಕೆಲಸ. ನಿಂತಾಗ, ಇಳಿವಾಗ ಮ್ಯಾಲಿಂದ ಆಯಿಲ್ ಒಳಗ ಜಿನುಗತದ, ನೀವು ಎಕ್ಸಿಲೇಟರ್ ಒತ್ತಿದ ಕೂಡ್ಲೇ ಅದೆಲ್ಲಾ ಉರೀತದ," ಎಂದ. ಆದರೂ ಪ್ಲಗ್ ಒಂದೊಂದಾಗಿ ಬಿಚ್ಚಿ, ಆ ತೂತಿಗೆ ಗೇಜ್ ಹಚ್ಚಿ ಒತ್ತಡ ನೋಡಿದ. ಮೂರು ಸಿಲಿಂಡರು ಸಮ ಇದ್ದವು, ಒಂದು ಕಡಿಮೆ. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಏರಿತು. "ಆಯಿಲ್ ಸಂದಿ ಮುಚ್ಚಿ ಒತ್ತಡ ಏರಿತಂದ್ರ, ಈ ಒಂದರ ರಿಂಗ್ ಸವದಾವ, ಸುಳ್ಳು ಹೇಳಂಗಿಲ್ಲ. ಆದ್ರ ಇದಕ್ಕ ಇನ್ನೂ ಆಯುಷ್ಯ ಅದ. ಈಗ ಸೀಲ್ ಹಾಕಿದ್ರ ಸಾಕು."

ಬಿಚ್ಚಿ ತೆಗೆದ ಹಳೆಯ ಸೀಲುಗಳನ್ನು ನನ್ನ ಅಂಗೈಗೆ ಹಾಕಿದ. ರಬ್ಬರು ಅನ್ನುವಂತೆಯೇ ಇರಲಿಲ್ಲ. ಉಗುರಿನಿಂದ ಒತ್ತಿದರೂ ತಗ್ಗಲಿಲ್ಲ. ಸಂಜೆ ಗಾಡಿ ಚಾಲೂ ಮಾಡಿದಾಗ ಮೊದಲು ಒಂದಿಷ್ಟು ಹೊಗೆ ಬಂತು, ಪೈಪಿನಲ್ಲಿ ಉಳಿದದ್ದು. ಆಮೇಲೆ ಏನೂ ಇಲ್ಲ. ಮಿಸ್ತ್ರಿ ನಕ್ಕ. ಇವರು ನಗಲು ನೋಡಿದರು. ಗಾಡಿ ಸರಿಹೋದದ್ದು ಇವರಿಗೆ ಭಾರವಾಗಿತ್ತು ಎಂದು ನನಗೊಬ್ಬಳಿಗೇ ಗೊತ್ತಿತ್ತು.

ನಾನು ಮಿಸ್ತ್ರಿಯನ್ನು ಕೇಳಿದೆ: "ಇಲ್ಲೇ ಎಲ್ಲರೆ ಎರಡು ಖೋಲಿ ಬಾಡಗಿಗಿ ಸಿಗತಾವೇನ್ರಿ?"

ಇವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ, ಇವರ ಮುಖ ನೋಡಿದ್ದರೆ ಅತ್ತುಬಿಡುತ್ತಿದ್ದೆ. ಮನೆ ಬಿಡುವ ಸಂಕಟ ಎಷ್ಟಿತ್ತೋ, ಇಷ್ಟು ವರ್ಷ ಪಕ್ಕದಲ್ಲೇ ಕೂತು ಇವರ ದಣಿವು ಕಾಣದೇ ಹೋದದ್ದಕ್ಕೆ ಅಷ್ಟೇ ನಾಚಿಕೆಯಿತ್ತು.

ಮುಂದಿನ ತಿಂಗಳು ಶಹಾಪುರಕ್ಕೆ ಬಂದೆವು, ಶಾಲೆಯ ದಾರಿ ಅರ್ಧಕ್ಕಿಳಿಯಿತು. ಮೊದಲ ದಿನ ಶಾಲೆ ಬಿಟ್ಟು ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಪಾತ್ರೆಗಳ ಗಂಟು ಬಿಚ್ಚಿರಲಿಲ್ಲ. ಇವರು ಚಾಪೆ ಹಾಸಿ ಸ್ವಲ್ಪ ಕಾಲು ಚಾಚುತ್ತೇನೆ ಎಂದವರು ಆಗಲೇ ನಿದ್ದೆ ಹೋಗಿದ್ದರು. ಚಹಾಕ್ಕೆ ಒಲೆ ಹಚ್ಚಬೇಕೆಂದು ಎದ್ದವಳು ನಾನೂ ಗೋಡೆಗೆ ಒರಗಿದೆ. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋಗುವ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ಕೇಳಲಿಲ್ಲ.