ಜಿನಮತಿಯ ಹಣಿಗೆ

ಭೋಜ ಊರಿನ ನಮ್ಮ ಓಣಿಯಲ್ಲಿ ಯಾವ ಹುಡುಗಿಯ ಮದುವೆಯೂ ಜಿನಮತಿಯ ಬಾಯಿಂದ ಮಾತು ಬೀಳದೆ ಗಟ್ಟಿಯಾಗುವುದಿಲ್ಲ. ಆಕೆ ನನ್ನ ಭಾವನ ಹೆಂಡತಿ, ನನಗೆ ನೆಗೆಣ್ಣಿ. ವರನ ಕಡೆಯವರು ಹುಡುಗಿಯನ್ನು ನೋಡಿ, ಅವಲಕ್ಕಿ ತಿಂದು, ಚಹಾ ಕುಡಿಯುವ ಹೊತ್ತಿಗೆ ಆಕೆ ಹುಡುಗಿಯನ್ನು ಒಳಗೆ ಕರೆದೊಯ್ದು, ಮುಡಿದ ಹೂವು ಸಡಿಲಿಸಿ, ಹಣಿಗೆ ಹಿಡಿದು ತಲೆ ಬಾಚುತ್ತಾಳೆ. ಹೊರಗೆ ಬಂದು ಒಂದೋ "ಚಲೋ ಆಗ್ತೈತಿ" ಅನ್ನಬೇಕು, ಇಲ್ಲಾ "ಯಾಕೋ ಮನಸ್ಸು ಒಪ್ಪವಲ್ದು" ಅನ್ನಬೇಕು. ಮುಗೀತು! ಓಣಿಯ ಹಿರಿಯರೂ ಮರುಮಾತಾಡುವುದಿಲ್ಲ.

ಏನು ಓದಿದ್ದಾಳೆ ಈಕೆ? ನಾಲ್ಕನೆಯ ಇಯತ್ತೆ. ಹದಿನಾರಕ್ಕೇ ಈ ಮನೆಗೆ ಸೊಸೆಯಾಗಿ ಬಂದವಳು. ಆಗ ಅವಳನ್ನು ಒಂದು ಮಾತು ಕೇಳಿದವರಿರಲಿಲ್ಲ ಎಂದು ನಮ್ಮತ್ತೆಯೇ ಹೇಳುತ್ತಿದ್ದರು. ಈಗ ನೋಡಿ, ಎಲ್ಲರೂ ಆಕೆಯನ್ನೇ ಕೇಳಬೇಕು! ನಾನು ಬಿ.ಎ. ಮಾಡಿದವಳು. ಯಾವ ಹುಡುಗಿಗಾದರೂ ಗಂಡಿನ ಕಡೆಯಿಂದ ಸ್ಥಳ ಬಂದಿದೆ ಎಂದರೆ ಸಾಕು, ವಿಚಾರಿಸಲು ಫೋನು ಹಚ್ಚುತ್ತೇನೆ, ಬಸ್ಸು ಹತ್ತುತ್ತೇನೆ. ನಮ್ಮ ಓಣಿಯ ಭರಮುವಿನ ಮಗಳನ್ನು ನೋಡಲು ಬಂದವನಿಗೆ ನೌಕರಿಯೇ ಇಲ್ಲವೆಂದು ಪತ್ತೆ ಹಚ್ಚಿದ್ದು ನಾನು. ಅದಕ್ಕೂ ಮೊದಲೇ ಜಿನಮತಿ ಮನಸ್ಸು ಒಪ್ಪದು ಅಂದಿದ್ದಳಲ್ಲ, ಜನ ಏನಂದರು? "ಜಿನಮತಿ ಅಕ್ಕಗ ಮೊದಲ ಗೊತ್ತಾಗಿತ್ತು ನೋಡ್ರಿ!" ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ, ಇವತ್ತಿಗೂ ಉರಿಯುತ್ತದೆ.

ಈ ವರ್ಷ ನನ್ನ ಮಗಳು ಸ್ನೇಹಲಳಿಗೇ ಸ್ಥಳ ಬಂತು. ರಾಯಬಾಗದ ಹುಡುಗ, ಸುಜಯ. ಸೊಸಾಯಿಟಿಯಲ್ಲಿ ಕೆಲಸ, ನೀರಾವರಿ ಕಬ್ಬಿನ ಹೊಲ. ನಾನೇ ಹೋಗಿ ಕಿರಾಣಿ ಅಂಗಡಿಯವನನ್ನು, ನೆರೆಮನೆಯವರನ್ನು, ಹುಡುಗನಿಗೆ ಕಲಿಸಿದ ಮಾಸ್ತರರನ್ನು ವಿಚಾರಿಸಿ ಬಂದೆ. ಒಂದು ಕುಂದಿಲ್ಲ. ಈ ಸಲ ಜಿನಮತಿ ಹೇಗೆ ಬೇಡ ಅನ್ನುತ್ತಾಳೋ ನೋಡೇ ಬಿಡೋಣ ಅಂದುಕೊಂಡೆ.

ಬಂದವರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದರು. ಹುಡುಗಿ ನಮಗೆ ಒಪ್ಪಿಗೆ, ನಿಮ್ಮ ಮಾತೂ ಈಗಲೇ ತಿಳಿಸಿಬಿಡಿ ಅಂದರು. ಒಳಗೆ ಸ್ನೇಹಲಳ ತಲೆ ಬಾಚುತ್ತಿದ್ದ ಜಿನಮತಿ ಹಣಿಗೆ ಹಿಡಿದೇ ಹೊರಗೆ ಬಂದಳು.

"ಯಾಕೋ ಮನಸ್ಸು ಒಪ್ಪವಲ್ದು."

ನಮ್ಮ ಮನೆಯವರು ನನ್ನ ಮುಖವನ್ನೂ ನೋಡದೆ ಬಂದವರಿಗೆ ಕೈಮುಗಿದುಬಿಟ್ಟರು! ಅವರ ಗಾಡಿ ಓಣಿ ದಾಟಿದ್ದೇ ತಡ, ನಾನು ಜಿನಮತಿಯ ಮೇಲೆ ಹರಿಹಾಯ್ದೆ.

"ಕಾರಣ ಹೇಳ್ರಿ ಅಕ್ಕಾ! ಏನ್ ಕಮ್ಮಿ ಐತಿ ಆ ಹುಡುಗಗ?"

"ಕಾರಣ ಏನಿಲ್ಲವಾ ಕಾಂಚನ."

"ನನ್ನ ಮಗಳ ಬಾಳೇ ನಿಮಗ ಆಟ ಆಗೇತೇನ್ರಿ?"

ಸ್ನೇಹಲ ಬಿಚ್ಚಿದ ಕೂದಲಲ್ಲೇ ಹೊರಗೆ ಬಂದಳು. "ದೊಡ್ಡವ್ವಗ ಬೈಬ್ಯಾಡ ಮಮ್ಮಿ. ಒಲ್ಲೆ ಅಂದಾಕಿ ನಾನ. ತಲಿ ಬಾಚುವಾಗ ಎಲ್ಲಾ ಹುಡುಗ್ಯಾರೂ ದೊಡ್ಡವ್ವನ ಮುಂದ ಹೇಳ್ತಾರ. ದೊಡ್ಡವ್ವ ಅದನ್ನ ತನ್ನ ಮಾತು ಅಂತ ಹೊರಗ ಹೇಳ್ತಾಳ."

ಇಷ್ಟು ವರ್ಷ ಆಕೆಯ ಮಾತಿಗಿದ್ದ ಬೆಲೆಗೆ ಉರಿದುಕೊಂಡೆನಲ್ಲ, ಇದರ ಮುಂದೆ ಅದು ಏನೂ ಅಲ್ಲ. ನನ್ನ ಮಗಳೇ ಆಕೆಯ ಪಾಲಾಗಿದ್ದಳು.

"ಹಡದಾಕಿ ನಾನು. ನನ್ನ ಮುಂದ ಯಾಕ ಹೇಳಲಿಲ್ಲ?"

"ನೀ ಕಾರಣ ಕೇಳ್ತಿದ್ದಿ. ನನ್ನ ಹತ್ರ ಕಾರಣ ಇರಲಿಲ್ಲ."

ಜಿನಮತಿ ಏನೂ ಆಗದವಳಂತೆ ಹಣಿಗೆಗೆ ಸಿಕ್ಕ ನನ್ನ ಮಗಳ ಕೂದಲು ಬಿಡಿಸುತ್ತಿದ್ದಳು. ಹಣಿಗೆಯನ್ನು ಅವಳ ಕೈಯಿಂದ ಕಸಿದುಕೊಂಡೆ.

"ಇನ್ನ ಮ್ಯಾಲೆ ನನ್ನ ಮಗಳ ತಲಿ ನಾನ ಬಾಚ್ತೇನ್ರಿ."

"ಬಾಚವಾ," ಎಂದಳು ಜಿನಮತಿ. "ಆದ್ರ ಸುಮ್ಮನ ಬಾಚು."